'ಲೈಲಾ': ಗೆಳೆಯನ ಪತ್ನಿಗಾಗಿ ಹುಟ್ಟಿದ ಹಾಡಿನ ಹಿಂದು ಮುಂದು

2024ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆ ಒಂದು ತೈಲಚಿತ್ರವನ್ನು ಮಾರಾಟಕ್ಕಿಟ್ಟಿತ್ತು. ಹೂಗುಚ್ಛದ ಜೊತೆಗಿರುವ ಹೊಂಗೂದಲಿನ ತರುಣಿಯ ಚಿತ್ರವದು. ಬರೆದವರು ಎಮಿಲ್ ಫ್ರಾಂಡ್ಸನ್ ಎಂಬ ಕಲಾವಿದರು. ಚಿತ್ರಕಲೆಯ ಚರಿತ್ರೆಯಲ್ಲಿ ಅವರದೇನೂ ದೊಡ್ಡ ಹೆಸರಲ್ಲ. ಚಿತ್ರಕ್ಕೆ ಹೆಚ್ಚೆಂದರೆ 60 ಸಾವಿರ ಪೌಂಡ್ ಬಂದೀತೆಂದು ಸಂಸ್ಥೆ ಅಂದಾಜು ಮಾಡಿತ್ತು. ಬಂದದ್ದು ಸುಮಾರು 20 ಲಕ್ಷ ಪೌಂಡ್!

ಇಷ್ಟೊಂದು ಬೆಲೆಗೆ ಕಾರಣ ಚಿತ್ರವಲ್ಲ, ಒಂದು ಹಾಡು. 1970ರ ನವೆಂಬರ್‌ನಲ್ಲಿ ಹೊರಬಂದ 'ಲೈಲಾ ಆ್ಯಂಡ್ ಅದರ್ ಅಸಾರ್ಟೆಡ್ ಲವ್ ಸಾಂಗ್ಸ್' ಎಂಬ ಜೋಡಿ ಧ್ವನಿಮುದ್ರಿಕೆಯ ಮುಖಪುಟದಲ್ಲಿದ್ದುದು ಇದೇ ಚಿತ್ರ. ಅದನ್ನು ಆಯ್ದುಕೊಂಡವರು ಬ್ರಿಟನ್ನಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್. ಚಿತ್ರದ ತರುಣಿ ತಾವು ಪ್ರೀತಿಸುತ್ತಿದ್ದ ಹೆಣ್ಣನ್ನು ಹೋಲುತ್ತಾಳೆಂಬುದೇ ಆ ಆಯ್ಕೆಗೆ ಕಾರಣ. ಆ ಹೆಣ್ಣು ಪ್ಯಾಟಿ ಬಾಯ್ಡ್. ಆಗ ಅವರು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ಪತ್ನಿ. ಹ್ಯಾರಿಸನ್ ಕ್ಲಾಪ್ಟನ್‌ಗೆ ಅತ್ಯಂತ ಆಪ್ತ ಗೆಳೆಯ. 2024ರ ಹರಾಜಿನಲ್ಲಿ ಚಿತ್ರವನ್ನು ಮಾರಿದವರೂ ಇದೇ ಪ್ಯಾಟಿ.

ರಾಕ್ ಸಂಗೀತದ ಅತಿ ಪ್ರಸಿದ್ಧ ಪ್ರೇಮಗೀತೆಗಳ ಸಾಲಿನಲ್ಲಿ 'ಲೈಲಾ'ಗೆ ಮುಂಚೂಣಿಯ ಸ್ಥಾನವಿದೆ. 2004ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಸಿದ್ಧಪಡಿಸಿದ 500 ಶ್ರೇಷ್ಠ ಗೀತೆಗಳ ಪಟ್ಟಿಯಲ್ಲಿ ಇದಕ್ಕೆ 27ನೇ ಸ್ಥಾನ ದೊರೆತಿತ್ತು. ಇಂಗ್ಲಿಷ್ ರಾಕ್ ಹಾಡಿಗೆ ಅರಬ್ ನಾಡಿನ ಹೆಸರು ಬಂದದ್ದು ಹೇಗೆ, ಹಾಡು ಯಾರನ್ನು ಏನೆಂದು ಕೇಳುತ್ತದೆ, ಕೇಳಿದ್ದು ದೊರೆತ ಮೇಲೆ ಏನಾಯಿತು ಎಂಬುದು ಹಾಡಿನಷ್ಟೇ ಕುತೂಹಲಕರವಾದ ಕಥೆ.

ಗಂಜಾದ ಕವಿ, ಮರುಭೂಮಿಯ ಹುಚ್ಚ

ಲೈಲಾ-ಮಜನೂ ಎಂಬ ಜೋಡಿ ಹೆಸರು ಕನ್ನಡಿಗರಿಗೆ ಹೊಸದಲ್ಲ. ಪ್ರೀತಿಯಲ್ಲಿ ಮೈಮರೆತವನನ್ನು ಮಜನೂ ಎಂದು ಛೇಡಿಸುವುದುಂಟು. ರಿಷಿ ಕಪೂರ್ ಮತ್ತು ರಂಜಿತಾ ನಟಿಸಿದ 1976ರ ಹಿಂದಿ ಚಲನಚಿತ್ರವನ್ನು ನೆನೆಯುವವರೂ ಇದ್ದಾರೆ. ಆದರೆ ಈ ಕಥೆಗೆ ಕಾವ್ಯದ ಸ್ಥಿರ ರೂಪ ಕೊಟ್ಟವನು ಈಗಿನ ಅಜರ್‌ಬೈಜಾನ್ ದೇಶದ ಗಂಜಾ ಪಟ್ಟಣದಲ್ಲಿ ಬಾಳಿದ ಪಾರಸಿ ಕವಿ ನಿಜಾಮಿ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

12ನೇ ಶತಮಾನದ ನಿಜಾಮಿಗೆ ಈ ಕಥೆಯನ್ನು ಬರೆಯುವಂತೆ ಶಿರ್ವಾನ್ ಪ್ರಾಂತದ ಅರಸ ಆಜ್ಞಾಪಿಸಿದ್ದ. ಬರೀ ಮರಳು, ಬರೀ ದುಃಖ ತುಂಬಿದ ಕಥೆಯಲ್ಲಿ ಕವಿತೆಗೆ ಜಾಗವೆಲ್ಲಿ ಎಂದು ನಿಜಾಮಿ ಮೊದಲು ಹಿಂಜರಿದನಂತೆ. ಮಗನ ಒತ್ತಾಯಕ್ಕೆ ಮಣಿದು ಕುಳಿತವನು ನಾಲ್ಕು ತಿಂಗಳೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ದ್ವಿಪದಿಗಳ ಕಾವ್ಯವನ್ನು ಮುಗಿಸಿದ. ಅದು 1188ರ ಮಾತು. ಮುಂದೆ ಅದೇ ಕಥೆಯನ್ನು ದೆಹಲಿಯ ಅಮೀರ್ ಖುಸ್ರೋ ತನ್ನದೇ ರೀತಿಯಲ್ಲಿ ಪಾರಸಿಯಲ್ಲಿ ಬರೆದ. ಭಾರತಕ್ಕೆ ಲೈಲಾ ಪರಿಚಿತಳಾದದ್ದು ಈ ಪರಂಪರೆಯ ಮೂಲಕವೇ.

ಕಥೆ ಸರಳವಾದದ್ದು. ಬನೂ ಆಮಿರ್ ಕುಲದ ಹುಡುಗ ಕೈಸ್ ಪಾಠಶಾಲೆಯಲ್ಲಿ ಲೈಲಾಳನ್ನು ಕಂಡು ಮರುಳಾಗುತ್ತಾನೆ. ಅವಳ ಹೆಸರನ್ನು ಬೀದಿಬೀದಿಯಲ್ಲಿ ಹಾಡುತ್ತಾ ಅಲೆಯುತ್ತಾನೆ. ಜನ ಅವನನ್ನು 'ಮಜ್ನೂನ್', ಅಂದರೆ ಜಿನ್ ಹಿಡಿದವನು, ಹುಚ್ಚ ಎಂದು ಕರೆಯುತ್ತಾರೆ. ಹುಚ್ಚನಿಗೆ ಮಗಳನ್ನು ಕೊಡಲಾರೆನೆಂದು ಲೈಲಾಳ ತಂದೆ ನಿರಾಕರಿಸುತ್ತಾನೆ. ಮಗನ ಹುಚ್ಚು ಬಿಡಲೆಂದು ಕೈಸನ ತಂದೆ ಅವನನ್ನು ಮೆಕ್ಕಾಗೆ ಕರೆದೊಯ್ದರೆ, ಅವನು ಅಲ್ಲಿ ತನ್ನ ಪ್ರೀತಿ ಇನ್ನಷ್ಟು ಹೆಚ್ಚಲೆಂದು ಬೇಡಿಕೊಳ್ಳುತ್ತಾನೆ! ಲೈಲಾಳನ್ನು ಇಬ್ನ್ ಸಲಾಂ ಎಂಬವನಿಗೆ ಮದುವೆ ಮಾಡಿಕೊಡಲಾಗುತ್ತದೆ. ಮಜನೂ ಕಾಡುಮೃಗಗಳ ನಡುವೆ ಮರುಭೂಮಿಯಲ್ಲಿ ಬದುಕುತ್ತಾನೆ. ಕೊನೆಗೆ ಲೈಲಾ ಸಾಯುತ್ತಾಳೆ, ಅವಳ ಗೋರಿಯ ಮೇಲೆ ಮಜನೂ ಪ್ರಾಣ ಬಿಡುತ್ತಾನೆ.

ನಿಜಾಮಿಯ ಕಾವ್ಯದಲ್ಲಿ ಒಂದು ಸನ್ನಿವೇಶ ಈ ಲೇಖನದ ಮಟ್ಟಿಗೆ ಮುಖ್ಯ. ಮದುವೆಯಾದ ಬಳಿಕ ಒಮ್ಮೆ ಲೈಲಾ ಗುಟ್ಟಾಗಿ ತೋಪಿಗೆ ಬರುತ್ತಾಳೆ. ಮಜನೂ ಅಲ್ಲಿದ್ದಾನೆ. ಅವನಿಗೆ ಹತ್ತು ಹೆಜ್ಜೆ ದೂರದಲ್ಲಿ ಅವಳು ನಿಂತುಬಿಡುತ್ತಾಳೆ. ಅದಕ್ಕಿಂತ ಮುಂದಡಿಯಿಡುವುದಿಲ್ಲ. ಅವನು ಅಷ್ಟು ದೂರದಿಂದಲೇ ತನ್ನ ಕವಿತೆಗಳನ್ನು ಹೇಳಿ ಮರಳುಗಾಡಿಗೆ ಹಿಂದಿರುಗುತ್ತಾನೆ. ಆ ಹತ್ತು ಹೆಜ್ಜೆಗಳ ಅಂತರವೇ ಕಾವ್ಯದ ಜೀವಾಳ ಎನ್ನಬಹುದು. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದನ್ನು ವಿಪ್ರಲಂಭ ಶೃಂಗಾರ ಎಂದು ಕರೆಯುತ್ತಾರೆ. ಸೂಫಿಗಳು ಲೈಲಾಳಲ್ಲಿ ದೈವವನ್ನೇ ಕಂಡರು. ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತಾ ಗಿಳಿ ಕೋಗಿಲೆಗಳನ್ನು ಕೇಳಿದ ಅಕ್ಕಮಹಾದೇವಿಯನ್ನು ಬಲ್ಲ ಕನ್ನಡ ಓದುಗರಿಗೆ ಈ ಭಾವ ಅಪರಿಚಿತವೇನಲ್ಲ.

ಇಬ್ಬರು ಗೆಳೆಯರು, ಒಬ್ಬ ರೂಪದರ್ಶಿ

ಈ ಕಾವ್ಯ ಇಂಗ್ಲಿಷ್ ರಾಕ್ ಹಾಡಾಗಬೇಕಾದರೆ ಲಂಡನ್ನಿನ ಒಂದು ಗೆಳೆತನ ಬಿಕ್ಕಟ್ಟಿಗೆ ಸಿಲುಕಬೇಕಾಯಿತು.

1944ರಲ್ಲಿ ಜನಿಸಿದ ಪ್ಯಾಟಿ ಬಾಯ್ಡ್ ಅರವತ್ತರ ದಶಕದ ಲಂಡನ್ನಿನಲ್ಲಿ ಹೆಸರಾಂತ ರೂಪದರ್ಶಿಯಾಗಿದ್ದರು. 1964ರಲ್ಲಿ ಬೀಟಲ್ಸ್‌ನ ಮೊದಲ ಚಲನಚಿತ್ರ 'ಎ ಹಾರ್ಡ್ ಡೇಸ್ ನೈಟ್'ನಲ್ಲಿ ಸಣ್ಣ ಪಾತ್ರಕ್ಕೆಂದು ಹೋದಾಗ ಹ್ಯಾರಿಸನ್ ಪರಿಚಯವಾಯಿತು. 1966ರ ಜನವರಿಯಲ್ಲಿ ಮದುವೆ ನಡೆಯಿತು. ಅದೇ ವರ್ಷ ದಂಪತಿ ಭಾರತಕ್ಕೆ ಬಂದರು. ಹ್ಯಾರಿಸನ್ ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಕಲಿತರು. ಮಹರ್ಷಿ ಮಹೇಶ್ ಯೋಗಿ ಅವರ ಧ್ಯಾನ ಚಳವಳಿಗೆ ಬೀಟಲ್ಸ್‌ಗಿಂತ ಮೊದಲೇ ಸೇರಿದವರು ಪ್ಯಾಟಿ. ಬೀಟಲ್ಸ್ 1968ರಲ್ಲಿ ಹೃಷಿಕೇಶಕ್ಕೆ ಬಂದುದರ ಹಿಂದೆ ಅವರ ಆಸಕ್ತಿಯೂ ಇತ್ತೆಂಬುದು ಗಮನಾರ್ಹ.

ಕ್ಲಾಪ್ಟನ್ ಹುಟ್ಟಿದ್ದು 1945ರಲ್ಲಿ, ಸರ್ರೆ ಪ್ರಾಂತದ ರಿಪ್ಲೆ ಎಂಬ ಹಳ್ಳಿಯಲ್ಲಿ. ಅಜ್ಜ ಅಜ್ಜಿಯರನ್ನೇ ತಂದೆ ತಾಯಿ ಎಂದು, ಹೆತ್ತ ತಾಯಿಯನ್ನು ಅಕ್ಕ ಎಂದು ನಂಬಿ ಬೆಳೆದ ಬಾಲಕ ಆತ. ಯಾರ್ಡ್‌ಬರ್ಡ್ಸ್, ಕ್ರೀಮ್, ಬ್ಲೈಂಡ್ ಫೇತ್ ತಂಡಗಳಲ್ಲಿ ನುಡಿಸುತ್ತಾ 25 ತುಂಬುವ ಮುನ್ನವೇ ಬ್ರಿಟನ್ನಿನ ಅಗ್ರಮಾನ್ಯ ಗಿಟಾರ್ ವಾದಕ ಎನಿಸಿಕೊಂಡಿದ್ದರು.

ಹ್ಯಾರಿಸನ್ ಮತ್ತು ಕ್ಲಾಪ್ಟನ್ ಗೆಳೆತನ ಹಾಡುಗಳಲ್ಲೇ ದಾಖಲಾಗಿದೆ. 1968ರಲ್ಲಿ ಹ್ಯಾರಿಸನ್ ರಚಿಸಿದ 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ಹಾಡಿನಲ್ಲಿ ಪ್ರಧಾನ ಗಿಟಾರ್ ನುಡಿಸಿದವರು ಕ್ಲಾಪ್ಟನ್. 1969ರಲ್ಲಿ 'ಹಿಯರ್ ಕಮ್ಸ್ ದ ಸನ್' ಹಾಡನ್ನು ಹ್ಯಾರಿಸನ್ ಬರೆದದ್ದು ಕ್ಲಾಪ್ಟನ್ ಮನೆಯ ತೋಟದಲ್ಲಿ. ಹೀಗೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಿದ್ದ ದಿನಗಳಲ್ಲೇ ಕ್ಲಾಪ್ಟನ್ ಮನಸ್ಸು ಗೆಳೆಯನ ಪತ್ನಿಯತ್ತ ಹರಿಯಿತು. ಹ್ಯಾರಿಸನ್ ದಂಪತಿಯ ಸಂಸಾರವೂ ಆ ವೇಳೆಗೆ ನೆಟ್ಟಗಿರಲಿಲ್ಲ.

'ಇ' ಎಂಬ ಒಂದಕ್ಷರದ ಕಾಗದ

1970ರಲ್ಲಿ ಒಂದು ದಿನ ಪ್ಯಾಟಿಗೆ ಅಂಚೆಯಲ್ಲಿ ಒಂದು ಕಾಗದ ಬಂತು. ಪುಟ್ಟ ಅಕ್ಷರಗಳ ಬರಹ, ಕೊನೆಯಲ್ಲಿ 'ಇ' ಎಂಬ ಒಂದೇ ಅಕ್ಷರದ ಸಹಿ. ಪ್ರೇಮ ನಿವೇದನೆಯಂತಿದ್ದ ಆ ಪತ್ರವನ್ನು ಯಾರೋ ತಲೆಕೆಟ್ಟ ಅಭಿಮಾನಿ ಬರೆದಿರಬೇಕೆಂದು ಪ್ಯಾಟಿ ಮನೆಯವರಿಗೆಲ್ಲ ತೋರಿಸಿ ನಕ್ಕರು. ಸಂಜೆ ಕ್ಲಾಪ್ಟನ್ ದೂರವಾಣಿ ಕರೆ ಮಾಡಿ, ತಮ್ಮ ಕಾಗದ ತಲುಪಿತೇ ಎಂದು ವಿಚಾರಿಸಿದಾಗಲೇ ಅವರಿಗೆ ನಿಜ ತಿಳಿದದ್ದು. 2007ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಪ್ಯಾಟಿ ಇದನ್ನು ವಿವರಿಸಿದ್ದಾರೆ.

ಇದೇ ಸಮಯದಲ್ಲಿ ಕ್ಲಾಪ್ಟನ್ ಕೈಗೆ ನಿಜಾಮಿಯ ಕಾವ್ಯದ ಇಂಗ್ಲಿಷ್ ಅನುವಾದ ಬಂತು. ರುಡಾಲ್ಫ್ ಗೆಲ್ಪ್ಕೆ ಎಂಬ ವಿದ್ವಾಂಸರ ಆ ಅನುವಾದ 1966ರಲ್ಲಿ ಹೊರಬಂದಿತ್ತು. ಅದನ್ನು ಕ್ಲಾಪ್ಟನ್‌ಗೆ ಪರಿಚಯಿಸಿದವರು ಇಯಾನ್ ಡಲ್ಲಾಸ್ ಎಂಬ ಸ್ಕಾಟ್‌ಲ್ಯಾಂಡಿನ ಲೇಖಕ. ಇಸ್ಲಾಂ ಸ್ವೀಕರಿಸಿದ್ದ ಅವರು ಮುಂದೆ ಸೂಫಿ ಗುರುವಾಗಿ ಹೆಸರಾದರು. ಮತ್ತೊಬ್ಬನ ಮಡದಿಯಾಗಿರುವ ಹೆಣ್ಣಿಗಾಗಿ ಹುಚ್ಚನಾದ ಕೈಸನ ಕಥೆಯಲ್ಲಿ ಕ್ಲಾಪ್ಟನ್ ತಮ್ಮನ್ನೇ ಕಂಡರು. ಪ್ಯಾಟಿಯ ಹೆಸರನ್ನು ಹಾಡಿನಲ್ಲಿ ತರುವಂತಿರಲಿಲ್ಲ. ಹೀಗೆ ಪ್ಯಾಟಿ 'ಲೈಲಾ' ಆದರು.

ಇಲ್ಲಿ ಬಹುತೇಕರು ಗಮನಿಸದ ಒಂದು ಸಂಗತಿಯಿದೆ. ಅದೇ ಧ್ವನಿಮುದ್ರಿಕೆಯಲ್ಲಿರುವ 'ಐ ಆ್ಯಮ್ ಯುವರ್ಸ್' ಎಂಬ ಮೆಲುದನಿಯ ಹಾಡಿನ ರಚನಕಾರರ ಹೆಸರಿನಲ್ಲಿ ಕ್ಲಾಪ್ಟನ್ ಜೊತೆಗೆ ನಿಜಾಮಿಯ ಹೆಸರೂ ಇದೆ. ಗತಿಸಿ ಏಳೂವರೆ ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಪಾರಸಿ ಕವಿಯೊಬ್ಬ ರಾಕ್ ಮುದ್ರಿಕೆಯ ಗೀತರಚನಕಾರನಾದುದು ಅಪರೂಪವೇ ಸರಿ.

ಮಯಾಮಿಯ ಸ್ಟುಡಿಯೋದಲ್ಲಿ

ಪ್ರಖ್ಯಾತಿಯಿಂದ ಬೇಸತ್ತಿದ್ದ ಕ್ಲಾಪ್ಟನ್ ತಮ್ಮ ಹೆಸರನ್ನು ಮರೆಮಾಚಿ 1970ರಲ್ಲಿ 'ಡೆರೆಕ್ ಆ್ಯಂಡ್ ದ ಡಾಮಿನೋಸ್' ಎಂಬ ತಂಡ ಕಟ್ಟಿದರು. ಕೀಬೋರ್ಡ್‌ನಲ್ಲಿ ಬಾಬಿ ವಿಟ್‌ಲಾಕ್, ಬೇಸ್ ಗಿಟಾರ್‌ನಲ್ಲಿ ಕಾರ್ಲ್ ರೇಡ್ಲ್, ಡ್ರಮ್ಸ್‌ನಲ್ಲಿ ಜಿಮ್ ಗಾರ್ಡನ್. ವಿಪರ್ಯಾಸವೆಂದರೆ, ಬೀಟಲ್ಸ್ ಒಡೆದ ನಂತರ ಹ್ಯಾರಿಸನ್ ಸಿದ್ಧಪಡಿಸುತ್ತಿದ್ದ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಮುದ್ರಿಕೆಗೆ ನುಡಿಸಿದವರಲ್ಲಿ ಇವರೂ ಇದ್ದರು. ಅಂದರೆ ಗೆಳೆಯನ ಮುದ್ರಿಕೆಗೆ ನುಡಿಸಿದ ಅದೇ ಬೆರಳುಗಳು, ಅದೇ ವರ್ಷ, ಗೆಳೆಯನ ಪತ್ನಿಗಾಗಿ ಮತ್ತೊಂದು ಮುದ್ರಿಕೆಯನ್ನೂ ನುಡಿಸಿದವು.

ಆಗಸ್ಟ್ ಕೊನೆಯಲ್ಲಿ ತಂಡ ಅಮೆರಿಕದ ಮಯಾಮಿ ನಗರದ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಬೀಡುಬಿಟ್ಟಿತು. ಧ್ವನಿಮುದ್ರಣದ ಉಸ್ತುವಾರಿ ಟಾಮ್ ಡೌಡ್ ಅವರದು. ಅದೇ ವೇಳೆಗೆ ಆಲ್ಮನ್ ಬ್ರದರ್ಸ್ ತಂಡ ಮಯಾಮಿಯಲ್ಲಿ ಕಾರ್ಯಕ್ರಮ ನೀಡಿತು. ಕ್ಲಾಪ್ಟನ್ ಹೋಗಿ ಕೇಳಿದರು. 23 ವರ್ಷದ ಡ್ವೇನ್ ಆಲ್ಮನ್ ಬೆರಳಿಗೆ ಔಷಧದ ಪುಟ್ಟ ಗಾಜಿನ ಸೀಸೆ ತೊಟ್ಟು, ತಂತಿಗಳ ಮೇಲೆ ಅದನ್ನು ಜಾರಿಸುತ್ತಾ ಗಿಟಾರ್ ನುಡಿಸುತ್ತಿದ್ದರು. ನಮ್ಮ ಗೋಟುವಾದ್ಯದಲ್ಲಿ ಮರದ ತುಂಡನ್ನು ತಂತಿಯ ಮೇಲೆ ಜಾರಿಸಿ ಗಮಕ ಹೊರಡಿಸುವ ಕ್ರಮವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಂದು ರಾತ್ರಿಯಿಡೀ ಇಬ್ಬರೂ ಸ್ಟುಡಿಯೋದಲ್ಲಿ ಜೊತೆಯಾಗಿ ನುಡಿಸಿದರು. ಅಲ್ಲಿಂದ ಮುಂದೆ ಡ್ವೇನ್ ಈ ಮುದ್ರಿಕೆಯ ಐದನೇ ಕಲಾವಿದರಾದರು.

ಕ್ಲಾಪ್ಟನ್ ಮೊದಲು 'ಲೈಲಾ'ವನ್ನು ನಿಧಾನ ಗತಿಯ ಹಾಡಾಗಿ ಕಲ್ಪಿಸಿದ್ದರು. ಅದಕ್ಕೆ ಬೆಂಕಿ ಹಚ್ಚಿದವರು ಡ್ವೇನ್. ಹಾಡಿನ ಮೊದಲ ಕ್ಷಣದಲ್ಲೇ ಎದೆಗೆ ಬಡಿಯುವ, ಮತ್ತೆ ಮತ್ತೆ ಮರಳಿ ಬರುವ ಗಿಟಾರ್ ಸ್ವರಗುಚ್ಛಕ್ಕೆ ರಾಕ್ ಪರಿಭಾಷೆಯಲ್ಲಿ ರಿಫ್ ಎನ್ನುತ್ತಾರೆ. ಬ್ಲೂಸ್ ಗಾಯಕ ಆಲ್ಬರ್ಟ್ ಕಿಂಗ್ ಅವರ 'ಆ್ಯಸ್ ದ ಇಯರ್ಸ್ ಗೋ ಪಾಸಿಂಗ್ ಬೈ' ಹಾಡಿನ ಒಂದು ಸಾಲಿನ ರಾಗವನ್ನು ವೇಗಗೊಳಿಸಿ ಡ್ವೇನ್ ಈ ರಿಫ್ ಹೊಸೆದರೆಂಬ ಮಾತು ಸಂಗೀತ ವಲಯದಲ್ಲಿ ಪ್ರಚಲಿತವಿದೆ. ಒಂದರ ಮೇಲೊಂದು ಮುದ್ರಿಸಿದ ಹಲವು ಗಿಟಾರ್‌ಗಳ ದನಿ ಅಲ್ಲಿ ಕೇಳುತ್ತದೆ.

ಹಾಡು ಏನನ್ನು ಹೇಳುತ್ತದೆ?

ಹಾಡಿನ ಸಾಹಿತ್ಯ ಬಹಳ ಚಿಕ್ಕದು. ಮೂರು ಚರಣ, ಒಂದು ಪಲ್ಲವಿ. ಉಪಮೆಗಳ ಭಾರವಿಲ್ಲ. ಮರುಭೂಮಿ, ಒಂಟೆ, ಗೋರಿ ಯಾವುದೂ ಇಲ್ಲ. ಹೆಸರೊಂದನ್ನು ಬಿಟ್ಟರೆ ನಿಜಾಮಿಯ ಕಾವ್ಯದ ಕುರುಹೇ ಕಾಣದು.

ಮೊದಲ ಚರಣ ಆಕೆಗೆ ಹಾಕುವ ಪ್ರಶ್ನೆ. ಒಂಟಿಯಾಗಿ, ಜೊತೆಗೆ ಯಾರೂ ಇಲ್ಲದೆ ಎಷ್ಟು ದಿನ ಹೀಗೆ ಅಡಗಿಕೊಂಡಿರುವೆ ಎಂಬ ಧಾಟಿಯದು. ಅದರಲ್ಲಿ ಮೃದುವಾದ ಆಕ್ಷೇಪಣೆಯೂ ಇದೆ. ಎರಡನೆಯದು ಆತ್ಮಕಥನ. ಆಕೆಯ ಪತಿ ಆಕೆಯನ್ನು ಕೈಬಿಟ್ಟಾಗ ಸಾಂತ್ವನ ಹೇಳಲು ಹೋದವನು ತಾನೇ ಪ್ರೀತಿಗೆ ಬಿದ್ದೆನೆಂಬ ತಪ್ಪೊಪ್ಪಿಗೆ. ಮೂರನೆಯದು, ತಾನು ಪೂರ್ತಿ ಹುಚ್ಚನಾಗುವ ಮುನ್ನ ಏನಾದರೊಂದು ದಾರಿ ಹುಡುಕೋಣವೆಂಬ ವಿನಂತಿ. ಈ 'ಹುಚ್ಚು' ಎಂಬ ಮಾತಿನಲ್ಲಿ ಮಾತ್ರ ಮಜನೂ ಒಂದು ಕ್ಷಣ ಇಣುಕುತ್ತಾನೆ. ನಡುನಡುವೆ ಬರುವ ಪಲ್ಲವಿ ಮಂಡಿಯೂರಿ ಬೇಡುವವನ ಗೋಗರೆತ. ಅಲ್ಲಿ ಹೆಸರನ್ನು ಕೂಗುವುದೇ ಮುಖ್ಯ, ಉಳಿದ ಮಾತುಗಳು ಗೌಣ.

ಸಂಗೀತದ ರಚನೆಯೂ ಈ ಅರ್ಥಕ್ಕೆ ಹೊಂದಿಕೊಂಡಿದೆ. ಚರಣಗಳು ಒಂದು ಶ್ರುತಿಯಲ್ಲಿ, ತುಸು ಇಳಿದನಿಯಲ್ಲಿ ಸಾಗುತ್ತವೆ. ಪಲ್ಲವಿ ಬರುತ್ತಲೇ ಶ್ರುತಿ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಗಾಯಕನ ಗಂಟಲು ಒಡೆಯುವಂತೆ ಕೇಳುತ್ತದೆ. ಮಾತನಾಡುತ್ತಿದ್ದವನು ಹಠಾತ್ತನೆ ಕೂಗತೊಡಗಿದಂತೆ ಕೇಳುಗರಿಗೆ ಭಾಸವಾಗುವುದು ಇದರಿಂದಲೇ.

ನಿಜಾಮಿಯ ಕಾವ್ಯಕ್ಕೂ ಹಾಡಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಕಾವ್ಯದಲ್ಲಿ ಲೈಲಾಗೂ ದನಿಯಿದೆ. ಅವಳೂ ಕವಿತೆ ಕಟ್ಟುತ್ತಾಳೆ, ಮಜನೂಗೆ ಪತ್ರ ಬರೆಯುತ್ತಾಳೆ. ಅವನು ತನ್ನ ನೋವನ್ನು ಲೋಕಕ್ಕೆ ಸಾರಬಲ್ಲ, ಹೆಣ್ಣಾದ ತಾನು ಅದನ್ನು ಒಳಗೇ ನುಂಗಬೇಕು ಎಂಬುದು ಅವಳ ಸಂಕಟ. ಹಾಡಿನಲ್ಲಿ ಲೈಲಾ ಮಾತನಾಡುವುದೇ ಇಲ್ಲ. ಮಜನೂ ಹತ್ತು ಹೆಜ್ಜೆ ದೂರದಲ್ಲೇ ಉಳಿದ. ಹಾಡಿನ ನಾಯಕನಿಗೆ ಆ ಅಂತರವನ್ನು ಸಹಿಸಲಾಗುತ್ತಿಲ್ಲ. ಮಜನೂ ಕಥೆಯ ಹೆಸರು ಹೊತ್ತ ಈ ಹಾಡು ವಾಸ್ತವದಲ್ಲಿ ಮಜನೂ ಮಾಡಲೊಲ್ಲದ ಒಂದು ಕೆಲಸವನ್ನು ಮಾಡುತ್ತದೆ. ಅದು ನೇರವಾಗಿ ಒತ್ತಾಯಿಸುತ್ತದೆ.

ಕೊನೆಯ ಪಿಯಾನೋ ಯಾರದು?

ಏಳು ನಿಮಿಷಗಳ ಹಾಡಿನಲ್ಲಿ ಗಾಯನ ಮುಗಿಯುವುದು ಅರ್ಧಕ್ಕೂ ಮೊದಲೇ. ಉಳಿದದ್ದು ಪಿಯಾನೋದಿಂದ ಆರಂಭವಾಗುವ ದೀರ್ಘ ವಾದ್ಯಭಾಗ. ಕೂಗಾಟ ನಿಂತು ಶಾಂತಿ ಆವರಿಸಿದಂತೆ, ಬೇಡಿದ್ದು ಸಿಕ್ಕಿತೇನೋ ಎಂಬಂತೆ ಅದು ಕೇಳುತ್ತದೆ. ಈ ಭಾಗ ಮೂಲ ಹಾಡಿನೊಂದಿಗೆ ಹುಟ್ಟಿದ್ದಲ್ಲ. ಬೇರೆಯಾಗಿ ಮುದ್ರಿಸಿ, ಟೇಪ್ ಕತ್ತರಿಸಿ ಜೋಡಿಸಿದ್ದು. ಕೊನೆಯಲ್ಲಿ ಹಕ್ಕಿಯ ಚಿಲಿಪಿಲಿಯಂತೆ ಕೇಳುವ ಸದ್ದು ಡ್ವೇನ್ ಗಿಟಾರಿನದು.

ಮುದ್ರಿಕೆಯ ಮೇಲೆ ಹಾಡಿನ ಕರ್ತೃಗಳೆಂದು ಕ್ಲಾಪ್ಟನ್ ಮತ್ತು ಡ್ರಮ್ಸ್ ವಾದಕ ಜಿಮ್ ಗಾರ್ಡನ್ ಹೆಸರಿದೆ. ಪಿಯಾನೋ ಭಾಗ ಗಾರ್ಡನ್ ಕೊಡುಗೆ ಎಂಬುದು ಇದಕ್ಕೆ ಕಾರಣ. ಆದರೆ ಗಾರ್ಡನ್ ಅವರ ಆಗಿನ ಗೆಳತಿ, ಗಾಯಕಿ ರೀಟಾ ಕೂಲಿಡ್ಜ್ ಬೇರೆಯೇ ಮಾತು ಹೇಳುತ್ತಾರೆ. ಆ ರಾಗವನ್ನು ತಾವು ಗಾರ್ಡನ್ ಜೊತೆ ಸೇರಿ 'ಟೈಮ್' ಎಂಬ ಹಾಡಿಗಾಗಿ ರಚಿಸಿದ್ದಾಗಿಯೂ, ತಮಗೆ ತಿಳಿಸದೆ ಅದನ್ನು 'ಲೈಲಾ'ಗೆ ಬಳಸಲಾಯಿತೆಂದೂ ಅವರು 2016ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ತಂಡದ ವಿಟ್‌ಲಾಕ್ ಕೂಡ ರೀಟಾ ಮಾತನ್ನು ಸಮರ್ಥಿಸಿದ್ದರು. 'ಟೈಮ್' ಹಾಡನ್ನು ರೀಟಾ ಅವರ ಅಕ್ಕ ಪ್ರಿಸಿಲ್ಲಾ, ಪತಿ ಬೂಕರ್ ಟಿ. ಜೋನ್ಸ್ ಅವರೊಂದಿಗೆ 1973ರಲ್ಲಿ ಹೊರತಂದರು. ಎರಡನ್ನೂ ಕೇಳಿದವರಿಗೆ ಹೋಲಿಕೆ ಮರೆಯಾಗದು. ಆದರೂ 'ಲೈಲಾ' ಕರ್ತೃಗಳ ಪಟ್ಟಿಯಲ್ಲಿ ರೀಟಾ ಹೆಸರು ಸೇರಲಿಲ್ಲ. ಹೆಣ್ಣಿನ ಹೆಸರು ಹೊತ್ತ ಹಾಡಿನಲ್ಲಿ ಹೆಣ್ಣೊಬ್ಬಳ ಪಾಲು ಅನಾಮಧೇಯವಾಗಿ ಉಳಿಯಿತು.

ಗಾರ್ಡನ್ ಬದುಕು ದುರಂತಮಯವಾಯಿತು. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗಕ್ಕೆ ತುತ್ತಾದ ಅವರು 1983ರಲ್ಲಿ ಹೆತ್ತ ತಾಯಿಯನ್ನೇ ಕೊಂದರು. ಜೈಲು ಸೇರಿದ ಅವರು 2023ರ ಮಾರ್ಚ್‌ನಲ್ಲಿ ಬಂಧನದಲ್ಲಿದ್ದಾಗಲೇ ನಿಧನರಾದರು. ಡ್ವೇನ್ ಆಲ್ಮನ್ 1971ರ ಅಕ್ಟೋಬರ್‌ನಲ್ಲಿ, ಇನ್ನೂ 24ರ ಹರೆಯದಲ್ಲೇ ಮೋಟಾರ್ ಸೈಕಲ್ ಅಪಘಾತಕ್ಕೆ ಬಲಿಯಾದರು. ಕಾರ್ಲ್ ರೇಡ್ಲ್ 1980ರಲ್ಲಿ, ವಿಟ್‌ಲಾಕ್ 2025ರಲ್ಲಿ ತೀರಿಕೊಂಡರು. ಆ ಐವರಲ್ಲಿ ಉಳಿದವರು ಕ್ಲಾಪ್ಟನ್ ಒಬ್ಬರೇ.

ಕೇಳಿದ ಮೇಲೆ ನಡೆದದ್ದು

ಹಾಡು ಸಿದ್ಧವಾದಾಗ ಕ್ಲಾಪ್ಟನ್ ಲಂಡನ್ನಿನ ಒಂದು ಮನೆಯಲ್ಲಿ ಪ್ಯಾಟಿಗೆ ಟೇಪ್ ಹಾಕಿ ಕೇಳಿಸಿದರು. ಹಾಡಿನ ಶಕ್ತಿಗೆ ಬೆರಗಾದರೂ ತಮ್ಮ ಮೊದಲ ಭಾವನೆ ಅಂಜಿಕೆಯೇ ಆಗಿತ್ತು, ಇದು ತನ್ನ ಕುರಿತದ್ದೆಂದು ಎಲ್ಲರಿಗೂ ತಿಳಿದುಹೋಗುವುದಲ್ಲ ಎನಿಸಿತು ಎಂದು ಪ್ಯಾಟಿ ಬರೆದಿದ್ದಾರೆ. ಅದೇ ರಾತ್ರಿ ಔತಣಕೂಟವೊಂದರಲ್ಲಿ ಕ್ಲಾಪ್ಟನ್ ಹ್ಯಾರಿಸನ್‌ಗೆ ವಿಷಯವನ್ನು ಮುಖಾಮುಖಿ ತಿಳಿಸಿಬಿಟ್ಟರು. ಪ್ಯಾಟಿ ಗಂಡನೊಂದಿಗೆ ಮನೆಗೆ ಮರಳಿದರು. ಇತ್ತ ಕೆಲಕಾಲ ಕ್ಲಾಪ್ಟನ್ ಜೊತೆಗಿದ್ದ ಪ್ಯಾಟಿಯ ತಂಗಿ ಪೌಲಾ, ಹಾಡು ಅಕ್ಕನ ಕುರಿತದ್ದೆಂದು ಅರಿತು ದೂರವಾದರು.

ಮುಂದಿನದು ಪ್ರೇಮಗೀತೆಗಳಲ್ಲಿ ಬಾರದ ಭಾಗ. ತನ್ನೊಡನೆ ಬಾರದಿದ್ದರೆ ಹೆರಾಯಿನ್ ಸೇವಿಸುವೆನೆಂದು ಕ್ಲಾಪ್ಟನ್ ಪೊಟ್ಟಣ ತೋರಿಸಿ ಬೆದರಿಸಿದ್ದನ್ನು ಪ್ಯಾಟಿ ನೆನಪಿಸಿಕೊಂಡಿದ್ದಾರೆ. ಆಕೆ ಒಪ್ಪಲಿಲ್ಲ. ಕ್ಲಾಪ್ಟನ್ ಮಾದಕ ವಸ್ತುವಿನ ದಾಸರಾಗಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಮನೆಯೊಳಗೇ ಹುದುಗಿಹೋದರು. ಪೂರ್ವ ಪಾಕಿಸ್ತಾನದ ನಿರಾಶ್ರಿತರ ನೆರವಿಗಾಗಿ ರವಿಶಂಕರ್ ಮತ್ತು ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಏರ್ಪಡಿಸಿದ ಬಾಂಗ್ಲಾದೇಶ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡದ್ದು ಆ ಅವಧಿಯ ಅಪರೂಪದ ಹೊರಸಂಚಾರ. ಗೆಳೆಯನ ಕರೆಗೆ ಓಗೊಟ್ಟು ಬಂದವರ ದೇಹಸ್ಥಿತಿ ಚೆನ್ನಾಗಿರಲಿಲ್ಲ.

ಹಾಡಿನ ಮಾರುಕಟ್ಟೆ ಕಥೆಯೂ ಆರಂಭದಲ್ಲಿ ಸೋಲಿನದೇ. ಡೆರೆಕ್ ಯಾರೆಂದು ಜನರಿಗೆ ತಿಳಿದಿರಲಿಲ್ಲ. ಡೆರೆಕ್ ಅಂದರೆ ಎರಿಕ್ ಎಂದು ಸಾರುವ ಬಿಲ್ಲೆಗಳನ್ನು ಹಂಚಬೇಕಾಯಿತು. 1971ರಲ್ಲಿ ಪಿಯಾನೋ ಭಾಗವನ್ನು ಕತ್ತರಿಸಿ ಹೊರತಂದ ಪುಟ್ಟ ಆವೃತ್ತಿ ಅಷ್ಟಾಗಿ ಓಡಲಿಲ್ಲ. 1972ರಲ್ಲಿ ಪೂರ್ಣ ಹಾಡನ್ನೇ ಮತ್ತೆ ಬಿಡುಗಡೆ ಮಾಡಿದಾಗ ಅಮೆರಿಕದಲ್ಲಿ 10ನೇ, ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೇರಿತು. ಆ ವೇಳೆಗೆ ತಂಡವೇ ಒಡೆದುಹೋಗಿತ್ತು!

ಲೈಲಾ ಮನೆಗೆ ಬಂದಾಗ

1974ರಲ್ಲಿ ಪ್ಯಾಟಿ ಹ್ಯಾರಿಸನ್‌ರಿಂದ ದೂರವಾಗಿ ಕ್ಲಾಪ್ಟನ್ ಜೊತೆ ಬಾಳತೊಡಗಿದರು. 1976ರ ಸೆಪ್ಟೆಂಬರ್‌ನ ಒಂದು ಸಂಜೆ, ಔತಣಕ್ಕೆ ಹೊರಡಲು ಪ್ಯಾಟಿ ಅಲಂಕರಿಸಿಕೊಳ್ಳುತ್ತಿದ್ದಾಗ ಕಾಯುತ್ತಾ ಕುಳಿತ ಕ್ಲಾಪ್ಟನ್ 'ವಂಡರ್‌ಫುಲ್ ಟುನೈಟ್' ಹಾಡನ್ನು ಕಟ್ಟಿದರು. 'ಲೈಲಾ' ಸಿಗದ ಹೆಣ್ಣಿಗೆ ಇಟ್ಟ ಮೊರೆಯಾದರೆ, ಇದು ಮನೆಯಲ್ಲಿರುವ ಹೆಣ್ಣಿನ ಬಗೆಗಿನ ಮೆಚ್ಚುಗೆ. ಆ ಹಾಡಿನ ಕೊನೆಯಲ್ಲೂ ನಾಯಕ ಅಮಲಿನಿಂದ ತಲೆ ನೋಯುತ್ತಾ ಹಾಸಿಗೆ ಸೇರುತ್ತಾನೆ, ಆಕೆ ಅವನನ್ನು ಮಲಗಿಸುತ್ತಾಳೆ ಎಂಬುದನ್ನು ಮದುವೆ ಮನೆಗಳಲ್ಲಿ ಅದನ್ನು ನುಡಿಸುವವರು ಗಮನಿಸಿರಲಾರರು.

1979ರ ಮಾರ್ಚ್ 27ರಂದು ಅಮೆರಿಕದ ಅರಿಜೋನಾದಲ್ಲಿ ಇಬ್ಬರ ಮದುವೆಯಾಯಿತು. ಮೇ ತಿಂಗಳಲ್ಲಿ ಕ್ಲಾಪ್ಟನ್ ಮನೆಯಲ್ಲಿ ನಡೆದ ಔತಣಕ್ಕೆ ಹ್ಯಾರಿಸನ್ ಕೂಡ ಬಂದರು, ಪಾಲ್ ಮೆಕಾರ್ಟ್ನಿ ಮತ್ತು ರಿಂಗೋ ಸ್ಟಾರ್ ಅವರೊಡನೆ ವೇದಿಕೆ ಹತ್ತಿ ಹಾಡಿದರು. ಗೆಳೆತನ ಉಳಿಯಿತು. ಉಳಿಯದೆ ಹೋದದ್ದು ಮದುವೆ. ಹೆರಾಯಿನ್ ಬಿಟ್ಟ ಕ್ಲಾಪ್ಟನ್ ಮದ್ಯಕ್ಕೆ ದಾಸರಾಗಿದ್ದರು. ದಂಪತಿಗೆ ಮಕ್ಕಳಾಗಲಿಲ್ಲ. ಪರಸ್ತ್ರೀಯರಲ್ಲಿ ಕ್ಲಾಪ್ಟನ್‌ಗೆ ಮಕ್ಕಳಾದವು. 1989ರಲ್ಲಿ ವಿಚ್ಛೇದನವಾಯಿತು. 2007ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಕ್ಲಾಪ್ಟನ್ ತಮ್ಮ ಕುಡಿತವನ್ನೂ, ಪತಿಯಾಗಿ ತಮ್ಮ ನಡತೆಯನ್ನೂ ಮುಚ್ಚಿಟ್ಟಿಲ್ಲ.

ಇಳಿದನಿಯ 'ಲೈಲಾ'

1992ರ ಜನವರಿಯಲ್ಲಿ ಎಂಟಿವಿ ವಾಹಿನಿಯ 'ಅನ್‌ಪ್ಲಗ್ಡ್' ಕಾರ್ಯಕ್ರಮಕ್ಕಾಗಿ ಕ್ಲಾಪ್ಟನ್ ವಿದ್ಯುತ್ ಸಂಪರ್ಕವಿಲ್ಲದ ಗಿಟಾರ್ ಹಿಡಿದು 'ಲೈಲಾ'ವನ್ನು ಹೊಸದಾಗಿ ಹಾಡಿದರು. ಹಿಂದಿನ ವರ್ಷವಷ್ಟೇ ಅವರ ನಾಲ್ಕು ವರ್ಷದ ಮಗ ಕಾನರ್ ನ್ಯೂಯಾರ್ಕ್‌ನ ಬಹುಮಹಡಿ ಕಟ್ಟಡದ ಕಿಟಕಿಯಿಂದ ಬಿದ್ದು ಅಸುನೀಗಿದ್ದ. ಹೊಸ 'ಲೈಲಾ'ದಲ್ಲಿ ಆ ಪ್ರಖ್ಯಾತ ರಿಫ್‌ನ ಅಬ್ಬರವಿರಲಿಲ್ಲ, ಕೂಗಾಟವಿರಲಿಲ್ಲ, ಪಿಯಾನೋದ ದೀರ್ಘ ಕೊನೆಯೂ ಇರಲಿಲ್ಲ. ದನಿ ಇಳಿದಿತ್ತು, ಗತಿ ಕುಗ್ಗಿತ್ತು. ಮಾತುಗಳು ಮಾತ್ರ ಅವೇ. 25ರ ಯುವಕ ಕೂಗಿ ಕೇಳಿದ್ದನ್ನು ಸಮೀಪಿಸುತ್ತಿದ್ದ 47ರಲ್ಲಿ ಅದೇ ವ್ಯಕ್ತಿ ಕುರ್ಚಿಯ ಮೇಲೆ ಕುಳಿತು ನೆನಪಿಸಿಕೊಂಡಂತಿತ್ತು. ಈ ಆವೃತ್ತಿಗೆ 1993ರಲ್ಲಿ ಅತ್ಯುತ್ತಮ ರಾಕ್ ಹಾಡಿನ ಗ್ರ್ಯಾಮಿ ಪ್ರಶಸ್ತಿ ಬಂತು. ಹಾಡು ಹುಟ್ಟಿ ಆಗಲೇ 22 ವರ್ಷಗಳಾಗಿದ್ದವು.

ಮೂಲ 'ಲೈಲಾ' ನುಡಿಸಿದ 'ಬ್ರೌನಿ' ಎಂಬ ಫೆಂಡರ್ ಗಿಟಾರ್ 1999ರಲ್ಲಿ ಸುಮಾರು 5 ಲಕ್ಷ ಡಾಲರ್‌ಗೆ ಹರಾಜಾಯಿತು. ಆ ಹಣ ಹೋದದ್ದು ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ ಕ್ಲಾಪ್ಟನ್ ಸ್ಥಾಪಿಸಿದ ವ್ಯಸನ ಮುಕ್ತಿ ಕೇಂದ್ರಕ್ಕೆ. 2001ರ ನವೆಂಬರ್ 29ರಂದು ಹ್ಯಾರಿಸನ್ ನಿಧನರಾದರು. ಮರುವರ್ಷ ಅದೇ ದಿನ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸ್ಮರಣೆಯ ಸಂಗೀತ ನಿರ್ದೇಶನ ಹೊತ್ತವರು ಕ್ಲಾಪ್ಟನ್. ಅಲ್ಲಿ ರವಿಶಂಕರ್ ಅವರ ರಚನೆಯನ್ನು ಅವರ ಪುತ್ರಿ ಅನೌಷ್ಕಾ ನಿರ್ದೇಶಿಸಿದರು.

ಇನ್ನು ಪ್ಯಾಟಿ. ಹಾಡಿನಲ್ಲಿ ಒಂದು ಮಾತನ್ನೂ ಆಡದ ಲೈಲಾ, ಬದುಕಿನಲ್ಲಿ ಮಾತನಾಡಿದರು. ಛಾಯಾಗ್ರಾಹಕಿಯಾಗಿ ತಾವು ತೆಗೆದ ಚಿತ್ರಗಳ ಪ್ರದರ್ಶನಗಳನ್ನು ನಡೆಸಿದರು. ಆತ್ಮಕಥೆಯಲ್ಲಿ ಎರಡೂ ಮದುವೆಗಳ ಸಿಹಿ ಕಹಿಯನ್ನು ಬರೆದರು. 2015ರಲ್ಲಿ ಮೂರನೇ ಮದುವೆಯಾದರು. 2024ರ ಮಾರ್ಚ್ 17ಕ್ಕೆ ಅವರಿಗೆ 80 ತುಂಬಿತು. ಅದೇ ದಿನಗಳಲ್ಲಿ ಹರಾಜು ನಡೆಯುತ್ತಿತ್ತು. ಮುಖಪುಟದ ಚಿತ್ರದ ಜೊತೆಗೆ, 'ಇ' ಎಂಬ ಸಹಿಯಿದ್ದ 1970ರ ಆ ಕಾಗದವೂ ಮಾರಾಟವಾಯಿತು. ಐದು ದಶಕಗಳಿಗೂ ಹೆಚ್ಚು ಕಾಲ ಅದನ್ನು ಜೋಪಾನ ಮಾಡಿದ್ದವರು ಪ್ಯಾಟಿ. ಅದನ್ನು ಕೈಬಿಡುವ ಹೊತ್ತು ಯಾವುದೆಂದು ನಿರ್ಧರಿಸಿದವರೂ ಅವರೇ.